ಜಾರಿಗೆ ಬಂದ ಒಂದೇ ವರದಿ

ಗುರುರಾಜರು ಬರೆದ ವರದಿಗಳ ಮೇಲೆ ನಮ್ಮ ಕಚೇರಿಯ ನೀರಿನ ಫಿಲ್ಟರು ನಿಂತಿತ್ತು. ತಮಾಷೆಗೆ ಹೇಳುತ್ತಿಲ್ಲ. ಫಿಲ್ಟರಿನ ನಲ್ಲಿ ತೀರ ಕೆಳಗಿದ್ದು ಅದರಡಿ ಲೋಟ ತೂರುತ್ತಿರಲಿಲ್ಲ. ಅಟೆಂಡರ್ ಮುನಿಆಂಜನಪ್ಪ ಉಗ್ರಾಣದಿಂದ ಅಚ್ಚಾದ ವರದಿಗಳ ಒಂದು ಕಟ್ಟು ಹೊತ್ತು ತಂದು ಅಡಿಗೆ ಇಟ್ಟ. ಎತ್ತರ ಸರಿಹೋಯಿತು. ಗುರುರಾಜರು ದಿನಾ ಅಲ್ಲೇ ಬಗ್ಗಿ ನೀರು ಹಿಡಿದು ಕುಡಿಯುತ್ತಿದ್ದರು. ಒಂದು ದಿನವೂ ಬೇಸರ ಮಾಡಿಕೊಳ್ಳಲಿಲ್ಲ.

"ಅಷ್ಟಾದ್ರೂ ಉಪಯೋಗ ಆಯ್ತಲ್ಲ ಗಂಗಮ್ಮ" ಎನ್ನುತ್ತಿದ್ದರು.

ಗಂಗಮ್ಮ ಅಂದರೆ ನಾನು. ರಿಜಿಸ್ಟರಿನಲ್ಲಿ ಗಂಗಲಕ್ಷ್ಮಮ್ಮ, ಬೆರಳಚ್ಚುಗಾರ್ತಿ. ಕಗ್ಗದಾಸಪುರ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿಂದ ಶಿವಾಜಿನಗರದ ಬಸ್ಸು ಹಿಡಿದು ಕೆಲಸಕ್ಕೆ ಬರುತ್ತಿದ್ದವಳು. ನಮ್ಮದು ಮೌಲ್ಯಮಾಪನದ ಕಚೇರಿ. ಅದರ ಹೆಸರು ಬೇಡ, ಈಗ ಅದು ಇನ್ನೊಂದರ ಹೊಟ್ಟೆಯೊಳಗೆ ಸೇರಿಹೋಗಿದೆ. ದಂಡು ಅಂದರೆ ಕಂಟೋನ್ಮೆಂಟ್ ಕಡೆಯ ಒಂದು ಹಳೆಯ ಬಂಗಲೆ, ಮುಂದೆ ಎರಡು ಮಳೆಮರ, ಒಳಗೆ ನಾವು. ಸರ್ಕಾರ ಒಂದು ಯೋಜನೆ ಮಾಡುತ್ತದೆ. ಅದರಿಂದ ಜನಕ್ಕೆ ಉಪಯೋಗವಾಯಿತೇ ಎಂದು ನಮ್ಮವರು ಹೋಗಿ ನೋಡಿ, ಕೇಳಿ, ಎಣಿಸಿ ಬರೆಯಬೇಕು. ಬರೆದದ್ದನ್ನು ಓದಿ ಸರ್ಕಾರ ಯೋಜನೆಯನ್ನು ತಿದ್ದಬೇಕು. ಮೊದಲಿನ ಅರ್ಧ ಪ್ರತಿ ವರ್ಷ ನಡೆಯುತ್ತಿತ್ತು. ಎರಡನೆಯ ಅರ್ಧ ನನ್ನ ಸರ್ವೀಸಿನಲ್ಲಿ ಸರಿಯಾಗಿ ನಡೆದದ್ದು ಒಂದೇ ಸಲ, ಅದೂ ಗುರುರಾಜರ ವರದಿಗೆ.

ಗುರುರಾಜರ ತಂದೆ ವಿಮಾ ಕಂಪನಿಯಲ್ಲಿ ಗುಮಾಸ್ತರಾಗಿದ್ದವರು, ಜೀವನ್ ಬಿಮಾ ನಗರದಲ್ಲಿ ಒಂದು ಮನೆ ಕಟ್ಟಿಸಿದ್ದರು. ಮಗ ಆ ಮನೆಯಿಂದ ಹೊರಟು ಕಚೇರಿಗೆ, ಕಚೇರಿಯಿಂದ ಹೊರಟು ಆ ಮನೆಗೆ. ಮಧ್ಯೆ ಎಲ್ಲೂ ನಿಲ್ಲುವ ಜಾತಿಯಲ್ಲ. ಊಟಕ್ಕೆ ಮೊಸರನ್ನ, ಅದರ ಮೇಲೆ ನಿಂಬೆಕಾಯಿ ಉಪ್ಪಿನಕಾಯಿಯ ಒಂದು ಹೋಳು. ತೆಳ್ಳಗೆ, ಬೆಳ್ಳಗೆ, ಸದಾ ತುಂಬು ತೋಳಿನ ಅಂಗಿ. ಪಾಪದವರು ಎಂದು ಎಲ್ಲರೂ ಹೇಳುತ್ತಿದ್ದರು. ನಾನು ಹಾಗೆ ಹೇಳುವುದಿಲ್ಲ. ಪಾಪದವರಿಗೆ ಇಷ್ಟು ಹಟ ಇರುವುದಿಲ್ಲ. ಒಂದು ಕೋಷ್ಟಕದಲ್ಲಿ ಕೂಡಿದ್ದು ತಾಳೆಯಾಗದಿದ್ದರೆ ಇಡೀ ಪುಟವನ್ನು ಮತ್ತೆ ನನ್ನಿಂದ ಟೈಪು ಮಾಡಿಸುತ್ತಿದ್ದರು. ಬಿಳಿ ಬಣ್ಣ ಹಚ್ಚಿ ತಿದ್ದಲು ಬಿಡುತ್ತಿರಲಿಲ್ಲ. ನಾನು ಮನಸ್ಸಿನಲ್ಲೇ ಬೈದುಕೊಂಡದ್ದಕ್ಕೆ ಲೆಕ್ಕವಿಲ್ಲ.

ಅವರದೊಂದು ಪದ್ಧತಿ ಇತ್ತು. ವರದಿಯ ಬೇರೆ ಅಧ್ಯಾಯಗಳನ್ನೆಲ್ಲ ಬರೆದು ಕೊಡುತ್ತಿದ್ದರು. ಕೊನೆಯ ಅಧ್ಯಾಯ 'ಶಿಫಾರಸುಗಳು' ಮಾತ್ರ ನನ್ನ ಮೇಜಿನ ಪಕ್ಕ ಬಂದು ನಿಂತು ಬಾಯಲ್ಲಿ ಹೇಳುತ್ತಿದ್ದರು. ಕೈ ಹಿಂದೆ ಕಟ್ಟಿಕೊಂಡು, ಕಣ್ಣು ಅರ್ಧ ಮುಚ್ಚಿ, ಒಂದೊಂದೇ ವಾಕ್ಯ. ಹೇಳಿದ ವಾಕ್ಯವನ್ನು ಸರ್ಕಾರ ಆಗಲೇ ಕೇಳಿಸಿಕೊಳ್ಳುತ್ತಿದೆ ಎಂಬಂತೆ ಇರುತ್ತಿತ್ತು ಮುಖ.

ಸರ್ಕಾರ ಕೇಳಿಸಿಕೊಳ್ಳುತ್ತಿರಲಿಲ್ಲ. ವರದಿ ಅಚ್ಚಾಗಿ ಸಂಬಂಧಪಟ್ಟ ಇಲಾಖೆಗೆ ಹೋಗುತ್ತಿತ್ತು. ಅಲ್ಲಿಂದ 'ವರದಿ ತಲುಪಿದೆ, ಗಮನಿಸಲಾಗಿದೆ' ಎಂದು ಒಂದು ಕಾಗದ ಬರುತ್ತಿತ್ತು. ಕಡತ ಮುಕ್ತಾಯ. ಆದರೂ ಪ್ರತಿ ವರದಿ ಹೋದ ಮೇಲೆ ಗುರುರಾಜರು ಟಪಾಲಿನ ಮೇಜಿಗೆ ಹೋಗಿ, "ಏನಾದ್ರೂ ಬಂತೇನ್ರೀ?" ಎಂದು ಕೇಳುವುದನ್ನು ಬಿಡಲಿಲ್ಲ. ಒಂದು ಸಲ ನಾನೇ ಛೇಡಿಸಿದೆ.

"ಅದೇನ್ ಸಾರ್, ಹೆಣ್ಣು ನೋಡ್ಕೊಂಡು ಹೋದೋರ ಉತ್ತರಕ್ಕೆ ಕಾಯೋ ಹಾಗೆ ಕಾಯ್ತೀರಲ್ಲ?"

ಅವರು ನಗಲಿಲ್ಲ. "ರಿಟೈರ್ ಆಗೋದ್ರೊಳಗೆ ಒಂದೇ ಒಂದು ಜಾರಿ ಆಗ್ಬೇಕು ಗಂಗಮ್ಮ. ಇಲ್ದಿದ್ರೆ ನಾನು ಇಷ್ಟ್ ವರ್ಷ ಮಾಡಿದ್ದೇನು?"

ಅವರ ಪಕ್ಕದ ಮೇಜು ವಾಜಿದ್ ಅವರದು. ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು, ಒಬ್ಬರನ್ನೊಬ್ಬರು ನೀನು ಎನ್ನುವವರು. ವಾಜಿದ್ ಶಿವಾಜಿನಗರದವರೇ. ಅಪ್ಪನದು ಗಡಿಯಾರ ರಿಪೇರಿ ಅಂಗಡಿ, ಮನೆಯಲ್ಲಿ ದಖನಿ ಉರ್ದು, ಬೀದಿಯಲ್ಲಿ ತಮಿಳು, ಕಚೇರಿಯಲ್ಲಿ ನಮಗಿಂತ ಚೆನ್ನಾದ ಕನ್ನಡ. ಗುರುರಾಜರನ್ನು ನಗಿಸಬಲ್ಲ ಒಬ್ಬರೇ ಒಬ್ಬರು ಆ ಕಚೇರಿಯಲ್ಲಿದ್ದರು ಅಂದರೆ ಅದು ವಾಜಿದ್. ರಂಜಾನ್ ತಿಂಗಳಲ್ಲಿ ಅವರಿಗೆ ಸಂಜೆ ಬೇಗ ಹೋಗಲು ಅನುಮತಿ ಇರುತ್ತಿತ್ತು. ಎಲ್ಲ ಕಚೇರಿಗಳಲ್ಲೂ ಇದ್ದದ್ದೇ. ಅವರು ಹೊರಡುವಾಗ ಗುರುರಾಜರು ತಲೆಯೆತ್ತಿ, "ಹೋಗು, ಹೋಗು, ನಿನ್ನ ಪಾಲಿಂದೂ ನಾನೇ ಮಾಡ್ತೀನಿ" ಎಂದು ಸುಳ್ಳು ಸಿಟ್ಟು ತೋರಿಸುತ್ತಿದ್ದರು. ನಿಜವಾಗಿಯೂ ಮಾಡುತ್ತಿದ್ದರು.

ತೊಂಬತ್ತಾರನೆಯ ಇಸವಿಯ ಕೊನೆಗೆ ನಮಗೆ ಸಂಜೆ ದವಾಖಾನೆಗಳ ಅಧ್ಯಯನ ಬಂತು. ಹಗಲು ದುಡಿಯುವವರಿಗೆ ಅನುಕೂಲವಾಗಲಿ ಎಂದು ಕೆಲವು ಬಡಾವಣೆಗಳ ಸಣ್ಣ ದವಾಖಾನೆಗಳನ್ನು ಸಂಜೆ ಐದರಿಂದ ಎಂಟರವರೆಗೆ ತೆರೆಯುತ್ತಿದ್ದರು. ಸಂಜೆ ಡಾಕ್ಟರರು, ನರ್ಸು, ದೀಪ, ಔಷಧಿ ಎಲ್ಲ ಹಾಕಿದ್ದಕ್ಕೆ ತಕ್ಕ ರೋಗಿಗಳು ಬರುತ್ತಾರೆಯೇ? ಇದು ಪ್ರಶ್ನೆ. ಪ್ರಶ್ನೆ ನಮ್ಮ ಕೈಗೆ ಬಂದದ್ದು ಡಿಸೆಂಬರಿನಲ್ಲಿ, ಉತ್ತರ ಕೊಡಬೇಕಾದದ್ದು ಮಾರ್ಚ್ ಮುಗಿಯುವುದರೊಳಗೆ. ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಮಾರ್ಚ್ ಎಂದರೆ ಏನು ಅಂತ ಹೇಳಬೇಕಾಗಿಲ್ಲ. ಮಾರ್ಚಿನೊಳಗೆ ಮುಗಿಯದ ಕೆಲಸ ಹುಟ್ಟೇ ಇಲ್ಲದ ಕೆಲಸ. ಹಾಗಾಗಿ ಎಣಿಕೆ ಜನವರಿ ಮಧ್ಯದಿಂದ ಫೆಬ್ರವರಿ ಮೊದಲ ವಾರದವರೆಗೆ ಎಂದು ತೀರ್ಮಾನವಾಯಿತು.

ದಂಡಿನ ಭಾಗದಿಂದ ಮಾದರಿಗೆ ಆರಿಸಿದ್ದು ಶಿವಾಜಿನಗರದ ಒಂದು ಗಲ್ಲಿಯ ದವಾಖಾನೆ. ಸಹಜವಾಗಿ ಅದು ವಾಜಿದ್‌ಗೆ ಹೋಗಬೇಕಿತ್ತು. ಭಾಷೆ ಗೊತ್ತು, ಜನ ಗೊತ್ತು, ನಡೆದುಹೋಗುವ ದೂರ. ಆದರೆ ಎಣಿಕೆ ಸಂಜೆಯದು. ವಾಜಿದ್‌ಗೆ ಆ ತಿಂಗಳು ಸಂಜೆ ಅನುಮತಿ. ಅದು ರಂಜಾನ್.

"ನಾನ್ ಹೋಗ್ತೀನಿ ಬಿಡು" ಎಂದರು ಗುರುರಾಜರು. ಹಾಗೆ ಗೆಳೆಯನಿಗೆ ಉಪಕಾರ ಮಾಡಲು ಹೋಗಿ ಅವರು ಆ ಬೆಂಚಿನ ಮೇಲೆ ಕೂತರು.

ಅಂಥ ಒಂದು ಸಂಜೆ ನಾನು ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಅವರಿಗೆ ಇನ್ನಷ್ಟು ಹಾಳೆ ಕೊಟ್ಟುಹೋಗಲು ಅಲ್ಲಿಗೆ ಹೋಗಿದ್ದೆ. ದವಾಖಾನೆಯ ಮುಂದೆ ಜಗುಲಿ, ಅದರ ಉದ್ದಕ್ಕೂ ಗೋಡೆಗೆ ಸೇರಿಸಿ ಕಟ್ಟಿದ ಸಿಮೆಂಟಿನ ಬೆಂಚು. ಗುರುರಾಜರು ಒಂದು ತುದಿಯಲ್ಲಿ ಪ್ಯಾಡು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಉಳಿದ ಬೆಂಚು ಖಾಲಿ. ಒಳಗೆ ನರ್ಸಮ್ಮ ಸ್ವೆಟರ್ ಹೆಣೆಯುತ್ತಿದ್ದರು. ಹೊರಗೆ ಗಲ್ಲಿಯ ಪ್ರತಿ ಮನೆಯಿಂದಲೂ ಎಣ್ಣೆಯಲ್ಲಿ ಏನೋ ಕರಿಯುವ ವಾಸನೆ. ಸ್ವಲ್ಪ ಹೊತ್ತಿಗೆ ಉಪವಾಸ ಬಿಡಲು ಮಸೀದಿಯ ಸೈರನ್ ಆಯಿತು. ಗಲ್ಲಿಯಲ್ಲಿ ನರಪಿಳ್ಳೆ ಇಲ್ಲ. ಎದುರು ಮನೆಯವರು ಒಂದು ತಟ್ಟೆಯಲ್ಲಿ ಖರ್ಜೂರ, ಹಣ್ಣು ತಂದು ಗುರುರಾಜರಿಗೆ ಕೊಟ್ಟರು. ಅವರು ಎದ್ದು ನಿಂತು ಎರಡೂ ಕೈಯಲ್ಲಿ ತೆಗೆದುಕೊಂಡರು. ಆಮೇಲೆ ಕೂತು ಆ ಗಂಟೆಯ ಕಲಂನಲ್ಲಿ ಸೊನ್ನೆ ಬರೆದರು.

ನೋಡಿ, ಇದೇ ನನಗೆ ಇವತ್ತಿಗೂ ಅರ್ಥವಾಗದ್ದು. ಅದು ರಂಜಾನ್ ಎಂದು ಅವರಿಗೆ ಗೊತ್ತಿರಲಿಲ್ಲವೇ? ಖರ್ಜೂರ ಬಾಯಲ್ಲೇ ಇತ್ತು. ನನಗೆ ಗೊತ್ತಿರಲಿಲ್ಲವೇ? ನರ್ಸಮ್ಮನಿಗೆ? ಉಪವಾಸ ಬಿಡುವ ಹೊತ್ತಿಗೆ ಅಡುಗೆ ಮಾಡಬೇಕಾದ ಹೆಂಗಸು ದವಾಖಾನೆಯಲ್ಲಿ ಸಾಲಿಗೆ ಕೂರುವುದಿಲ್ಲ, ಉಳಿದ ಹನ್ನೊಂದು ತಿಂಗಳು ಬರುವವಳು ಆ ಒಂದು ತಿಂಗಳು ಬರುವುದಿಲ್ಲ ಎಂದು ಊಹಿಸಲು ಎಂ.ಎ. ಬೇಕೇ? ಎಲ್ಲರಿಗೂ ಎಲ್ಲವೂ ಗೊತ್ತಿತ್ತು. ಆದರೆ ಹಾಳೆಯಲ್ಲಿ ಅದಕ್ಕೊಂದು ಕಲಂ ಇರಲಿಲ್ಲ. ತಲೆಯಲ್ಲಿ ಮಾರ್ಚ್ ಕೂತಿತ್ತು. ಅಲ್ಲಿಯವರೂ ಹೇಳಲಿಲ್ಲ. ಗಲ್ಲಿಯಲ್ಲೇ ಕೂತು ಖರ್ಜೂರ ತಿನ್ನುತ್ತಿರುವ ಮನುಷ್ಯನಿಗೆ ಇದು ರಂಜಾನ್ ಕಣ್ರೀ ಎಂದು ಯಾರಾದರೂ ಯಾಕೆ ಹೇಳುತ್ತಾರೆ?

ಹಬ್ಬ ಮುಗಿದದ್ದೇ ವಾಜಿದ್‌ರನ್ನು ಕೋಲಾರದ ಕಡೆಗೆ ಹಾಲಿನ ಸಂಘಗಳ ಅಧ್ಯಯನಕ್ಕೆ ಕಳಿಸಿದರು. ದವಾಖಾನೆಯ ಕರಡನ್ನು ಅವರು ನೋಡಲೇ ಇಲ್ಲ. ಮಾರ್ಚ್ ತಿಂಗಳ ಕೊನೆಗೆ ಗುರುರಾಜರು ನನ್ನ ಮೇಜಿನ ಪಕ್ಕ ಬಂದು ನಿಂತು, ಕೈ ಹಿಂದೆ ಕಟ್ಟಿಕೊಂಡು ಹೇಳಿದರು. "ಸಂಜೆಯ ವೇಳೆಯಲ್ಲಿ ರೋಗಿಗಳ ಹಾಜರಾತಿ ಅತ್ಯಲ್ಪವಾಗಿರುವುದರಿಂದ, ಸಂಜೆಯ ಅವಧಿಯನ್ನು ರದ್ದುಪಡಿಸಿ, ರೋಗಿಗಳು ಬೆಳಗಿನ ವೇಳೆಯಲ್ಲೇ ಬರುವಂತೆ ಸೂಚಿಸಬಹುದಾಗಿದೆ." ನಾನು ಟೈಪು ಮಾಡಿದೆ. ಒಂದೂ ತಪ್ಪು ಬೀಳಲಿಲ್ಲ.

ಜೂನ್ ತಿಂಗಳಲ್ಲಿ ಆದೇಶ ಬಂತು, ಮೊದಲಿಗೆ ಶಿವಾಜಿನಗರದ ದವಾಖಾನೆಗೆ ಮಾತ್ರ. ಸರ್ಕಾರದ ಆದೇಶ, ಅದರ ಮೊದಲ ಪ್ಯಾರಾದಲ್ಲೇ ನಮ್ಮ ವರದಿಯ ಹೆಸರು, ಎರಡನೆಯ ಪ್ಯಾರಾದಲ್ಲಿ ಗುರುರಾಜರ ಆ ವಾಕ್ಯ, ಕಾಮಾ ಸಮೇತ. ಟಪಾಲಿನವರು ಅದನ್ನು ತಂದು ಅವರ ಮೇಜಿನ ಮೇಲಿಟ್ಟಾಗ ಅವರು ಎದ್ದು ನಿಂತರು. ಆ ದಿನ ಅವರ ಮುಖದಲ್ಲಿ ಇದ್ದದ್ದನ್ನು ನಾನು ನನ್ನ ಮಗನಿಗೆ ಕೆಲಸ ಸಿಕ್ಕಿದ ದಿನ ನನ್ನ ಗಂಡನ ಮುಖದಲ್ಲಿ ಮಾತ್ರ ಕಂಡಿದ್ದೇನೆ. ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಮುನಿಆಂಜನಪ್ಪನನ್ನು ಕಳಿಸಿ ಮೈಸೂರುಪಾಕು ತರಿಸಿದರು. ತಾವೇ ಡಬ್ಬ ಹಿಡಿದು ಮೇಜಿನಿಂದ ಮೇಜಿಗೆ ಹೋದರು.

ವಾಜಿದ್ ಆಗಷ್ಟೇ ಕೋಲಾರದಿಂದ ವಾಪಸು ಬಂದಿದ್ದರು. ಒಂದು ತುಂಡು ತೆಗೆದುಕೊಂಡು, ಇನ್ನೊಂದು ಕೈಯಲ್ಲಿ ಆದೇಶ ಹಿಡಿದು ಓದತೊಡಗಿದರು. ಓದುತ್ತಾ ಓದುತ್ತಾ ಮೈಸೂರುಪಾಕನ್ನು ಬಾಯಿಯವರೆಗೆ ಒಯ್ದ ಕೈ ಅಲ್ಲೇ ನಿಂತಿತು.

"ಗುರು, ನೀನು ಅಲ್ಲಿ ಕೂತಿದ್ದು ಯಾವಾಗ?"

"ನಿಂಗೆ ಪರ್ಮಿಷನ್ ಇತ್ತಲ್ಲಪ್ಪ, ಆಗ."

"ಪೂರ್ತಿ ಆಗಲೇನಾ?"

"ಪೂರ್ತಿ ಆಗಲೇ. ಒಂದಿನಾನೂ ತಪ್ಪಿಸ್ಲಿಲ್ಲ" ಎಂದರು ಗುರುರಾಜರು. ಹೇಳಿ ಮುಗಿಸುವಷ್ಟರಲ್ಲಿ ಅವರಿಗೇ ತಿಳಿಯಿತು. ಡಬ್ಬದ ಮುಚ್ಚಳ ಹಾಕಿದರು. ಎರಡು ಮೇಜಿನವರಿಗೆ ಇನ್ನೂ ಕೊಟ್ಟಿರಲಿಲ್ಲ. ವಾಜಿದ್ ಕೈಯಲ್ಲಿದ್ದ ತುಂಡನ್ನು ಒಂದು ಕಾಗದದ ಮೇಲಿಟ್ಟರು, ತಿನ್ನಲಿಲ್ಲ. ಆಮೇಲೆ ಅದಕ್ಕೆ ಇರುವೆ ಮುತ್ತಿತು.

ವಾಜಿದ್‌ಗೆ ಒಬ್ಬಳು ಅಕ್ಕ, ನೂರ್‌ಜಹಾನ್. ಗಂಡ ಸತ್ತ ಮೇಲೆ ಗಾರ್ಮೆಂಟ್ಸಿನಲ್ಲಿ ಹೊಲಿಯುತ್ತಿದ್ದರು. ಅವರಿಗೆ ಚಿಕ್ಕಂದಿನಿಂದ ಮೂರ್ಛೆ ಬರುತ್ತಿತ್ತು. ಆ ಸಂಜೆ ದವಾಖಾನೆಯಲ್ಲಿ ವಾರಕ್ಕಾಗುವಷ್ಟು ಮಾತ್ರೆ ಕೊಡುತ್ತಿದ್ದರು. ಕೆಲಸ ಬಿಟ್ಟು ಬರುವಾಗ ಹಾಗೇ ಹೋಗಿ ತರುವುದು, ತಪ್ಪದೆ ನುಂಗುವುದು, ಕಾರ್ಖಾನೆಯಲ್ಲಿ ಯಾರಿಗೂ ತಿಳಿಯದ ಹಾಗೆ ನೋಡಿಕೊಳ್ಳುವುದು. ವರ್ಷಗಟ್ಟಲೆ ಹೀಗೇ ನಡೆದಿತ್ತು. ರಂಜಾನಿನಲ್ಲಿ ಮಾತ್ರ ನರ್ಸಮ್ಮನ ಕೈಕಾಲು ಹಿಡಿದು ಮೊದಲೇ ತಿಂಗಳಿನದು ತಂದಿಟ್ಟುಕೊಳ್ಳುತ್ತಿದ್ದರು. ಇದನ್ನು ವಾಜಿದ್ ನಮಗೆ ಹೇಳಿದ್ದು ಆ ದಿನ, ಮೈಸೂರುಪಾಕಿನ ದಿನ. ಹೆಚ್ಚೇನೂ ಹೇಳಲಿಲ್ಲ. "ನಮ್ಮ ಆಪಾ ಅಲ್ಗೇ ಹೋಗೋದು" ಎಂದರು, ಆಮೇಲೆ ಮಿಕ್ಕದ್ದು.

ಮರುದಿನವೇ ಗುರುರಾಜರು ಒಂದು ಟಿಪ್ಪಣಿ ಬರೆದರು. ಎಣಿಕೆ ನಡೆದದ್ದು ಸಾಮಾನ್ಯ ತಿಂಗಳಿನಲ್ಲಲ್ಲ, ಇನ್ನೊಮ್ಮೆ ಎಣಿಸಬೇಕು, ಅಲ್ಲಿಯವರೆಗೆ ಸಂಜೆಯ ಅವಧಿ ಮುಂದುವರಿಯಲಿ. ನಿರ್ದೇಶಕರು ಇಬ್ಬರನ್ನೂ ಒಳಗೆ ಕರೆದರು. ನಾನು ಡಿಕ್ಟೇಶನ್ನಿಗೆ ಅಲ್ಲೇ ಕೂತಿದ್ದೆ.

"ಏನ್ರೀ ಗುರುರಾಜ್, ಈ ಆಫೀಸ್ ಶುರುವಾದಾಗಿಂದ ನಮ್ಮದು ಅಂತ ಒಂದು ರಿಪೋರ್ಟ್ ಒಪ್ಕೊಂಡಿದಾರೆ. ಅದನ್ನೂ ತಪ್ಪು ಅಂತ ನಾವೇ ಬರೆದು ಕಳಿಸ್ಬೇಕಾ? ನಾಳೆಯಿಂದ ನಮ್ಮ ಮಾತು ಯಾರ್ ಕೇಳ್ತಾರೆ?"

ಗುರುರಾಜರು, "ತಪ್ಪಾಗಿದೆ ಸಾರ್" ಎಂದಷ್ಟೇ ಅಂದರು.

ನಿರ್ದೇಶಕರು ವಾಜಿದ್ ಕಡೆ ತಿರುಗಿದರು. "ನೀವು ಅಲ್ಲಿಯವರು. ನಿಮ್ಗೇನನ್ಸುತ್ತೆ?"

ವಾಜಿದ್, "ನೀವು ಹೇಗೆ ಹೇಳಿದ್ರೆ ಹಾಗೆ ಸಾರ್" ಎಂದರು.

ನನಗೆ ಎಂಥ ಸಿಟ್ಟು ಬಂತೆಂದರೆ, ಹೊರಗೆ ಬಂದವಳೇ ಅವರನ್ನು ತಡೆದು ನಿಲ್ಲಿಸಿದೆ. "ನಿಮ್ಮ ಅಕ್ಕನ ವಿಷ್ಯಾನೂ ಬಾಯಿಗೆ ಬರ್ಲಿಲ್ವಾ ಸಾರ್?"

"ನಾನು ಹೇಳಿದ್ರೆ ನಮ್ಮೋರಿಗೋಸ್ಕರ ಹೇಳ್ದ ಅಂತಾರೆ ಗಂಗಮ್ಮ. ಗುರು ಹೇಳಿದ್ದಕ್ಕೆ ಇರೋ ಬೆಲೇನೂ ಹೋಗುತ್ತೆ. ಮೇಲಾಗಿ, ಮುಂದಿನ ರಂಜಾನಿಗೆ ಪರ್ಮಿಷನ್ ಕೇಳೋಕೆ ಯಾವ ಮುಖ ಇಟ್ಕೊಂಡು ಹೋಗ್ಲಿ? ನಾನು ಬೇಗ ಮನೆಗೆ ಹೋಗಿದ್ದಕ್ಕೇ ಅಲ್ವಾ ಇದೆಲ್ಲ ಆಗಿದ್ದು?"

ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.

ಗುರುರಾಜರು ಹಟ ಬಿಡದೆ ಆ ಟಿಪ್ಪಣಿಯನ್ನು ಇಲಾಖೆಗೆ ಕಳಿಸಿದರು. ನಿರ್ದೇಶಕರು ಮುಖ ಸಿಂಡರಿಸಿಕೊಂಡೇ ಸಹಿ ಹಾಕಿದ್ದರು. ದೀಪಾವಳಿ ಕಳೆದ ಮೇಲೆ ಉತ್ತರ ಬಂತು. 'ತಮ್ಮದೇ ಕಚೇರಿಯು ಕ್ಷೇತ್ರ ಎಣಿಕೆಯ ಮೂಲಕ ಸಿದ್ಧಪಡಿಸಿದ ವರದಿಯ ಆಧಾರದ ಮೇಲೆ ಆದೇಶವನ್ನು ಹೊರಡಿಸಲಾಗಿದ್ದು, ಮರುಪರಿಶೀಲನೆಯ ಪ್ರಶ್ನೆ ಉದ್ಭವಿಸುವುದಿಲ್ಲ.' ಜೊತೆಗೆ ಅವರದೇ ಕೋಷ್ಟಕದ ನೆರಳಚ್ಚು ಪ್ರತಿ, ಕೆಳಗೆ ಅವರದೇ ಸಹಿ. ಒಂದು ಸೊನ್ನೆಯೂ ಅಳಿಸಿರಲಿಲ್ಲ, ಎಷ್ಟು ಸ್ಪಷ್ಟವಾಗಿ ಬರೆದಿದ್ದರು ಮಾರಾಯರು. ಅವರು ಅದನ್ನು ಓದಿ, ಮಡಿಸಿ, ಕಡತದಲ್ಲಿ ಸೇರಿಸಿ ಪುಟಸಂಖ್ಯೆ ಹಾಕಿದರು. ಆಮೇಲೆ ಫಿಲ್ಟರಿನ ಹತ್ತಿರ ಹೋಗಿ ನೀರು ಕುಡಿದು ಬಂದು ಬೇರೆ ಕೆಲಸ ತೆಗೆದರು.

ಅವತ್ತಿನಿಂದ ಗುರುರಾಜರು ಬೇರೆಯಾದರು. ಬೇರೆ ಅಂದರೆ ಕೆಟ್ಟದಾಗಿ ಅಲ್ಲ. ಹೊತ್ತಿಗೆ ಸರಿಯಾಗಿ ಬರುವುದು, ಮೊಸರನ್ನ, ತುಂಬು ತೋಳು ಎಲ್ಲ ಹಾಗೇ. ಟಪಾಲಿನ ಮೇಜಿಗೆ ಹೋಗುವುದು ನಿಂತಿತು. ಶಿಫಾರಸುಗಳನ್ನೂ ಬರೆದೇ ಕೊಡತೊಡಗಿದರು. ಒಮ್ಮೆ ನಾನು ಒಂದು ಕೋಷ್ಟಕದಲ್ಲಿ ಬೇಕೆಂದೇ ತಪ್ಪು ಹಾಕಿ ಬಿಳಿ ಬಣ್ಣ ಹಚ್ಚಿ ಕೊಟ್ಟೆ, ಬೈಯಲಿ ಎಂದು. ನೋಡಿದರು, ಸಹಿ ಹಾಕಿದರು. ಅವರ ಹೆಂಡತಿ ಒಂದು ದಿನ ಕಚೇರಿಗೆ ಫೋನು ಮಾಡಿ, "ಮನೇಲಿ ಕರೆದ್ರೆ ಹೂಂ ಅಂತಾರೆ, ಕರೀದಿದ್ರೆ ಅದೂ ಇಲ್ಲ. ಅಲ್ಲೇನಾದ್ರೂ ಆಗಿದ್ಯೇನಮ್ಮಾ?" ಎಂದು ಕೇಳಿದರು. ಏನೂ ಆಗಿಲ್ಲ ಅಂದೆ. ಇನ್ನೇನು ಹೇಳಲಿ? ಅವರು ಬಯಸಿದ್ದು ಅವರಿಗೆ ಸಿಕ್ಕಿತು ಎನ್ನಲೇ?

ನೂರ್‌ಜಹಾನ್ ವಿಷಯ ಸ್ವಲ್ಪ ಸ್ವಲ್ಪವಾಗಿ ತಿಳಿಯುತ್ತಿತ್ತು. ಬೆಳಿಗ್ಗೆ ದವಾಖಾನೆಗೆ ಹೋದರೆ ಅರ್ಧ ದಿನದ ಕೂಲಿ ಹೋಗುತ್ತದೆ, ಸೂಪರ್‌ವೈಸರ್ ಯಾಕೆ ತಡ ಎಂದು ಕೇಳುತ್ತಾನೆ. ವಾಜಿದ್ ತಾವೇ ಹೋಗಿ ಕೇಳಿದರೆ ರೋಗಿಯೇ ಬರಬೇಕು ಎನ್ನುತ್ತಾರೆ. ಅಂಗಡಿಯಿಂದ ತಂದುಕೊಟ್ಟ ಮಾತ್ರೆಯನ್ನು ಆಪಾ ಮುಗಿದುಹೋದೀತೆಂದು ದಿನ ಬಿಟ್ಟು ದಿನ ನುಂಗಿದರು, ತಮ್ಮನಿಗೆ ಹೇಳಲಿಲ್ಲ. ಮೊದಲ ಸಲ ಬಿದ್ದದ್ದು ಹೊಲಿಗೆ ಯಂತ್ರದ ಮುಂದೆ. ನಾಳೆಯಿಂದ ಬರಬೇಡ ಎಂದರು. ಎರಡನೆಯ ಸಲ ಬಿದ್ದದ್ದು ಮನೆಯಲ್ಲಿ, ಸೀಮೆಎಣ್ಣೆ ಸ್ಟೌವಿನ ಮೇಲೆ ಅನ್ನದ ಗಂಜಿ ಕುದಿಯುತ್ತಿದ್ದಾಗ. ಬಲಗೈ ಗಂಜಿಯಲ್ಲಿತ್ತು. ಯಾರಾದರೂ ನೋಡಿ ಎತ್ತುವವರೆಗೂ ಇತ್ತು.

ಇಸವಿ ಎರಡು ಸಾವಿರದ ಒಂದರಲ್ಲಿ ಇಲಾಖೆಯೇ ಮರು ಮೌಲ್ಯಮಾಪನ ಕೇಳಿತು. ಸಂಜೆಯ ಅವಧಿ ರದ್ದು ಮಾಡಿದ್ದರಿಂದ ಏನಾಯಿತು ಎಂದು ನೋಡಬೇಕಂತೆ. ನಿರ್ದೇಶಕರು ಅಷ್ಟು ಹೊತ್ತಿಗೆ ಬೇರೆಯವರು. ಗುರುರಾಜರು ನಾನೇ ಮಾಡುತ್ತೇನೆ ಎಂದು ಕೇಳಿ ತೆಗೆದುಕೊಂಡರು. ನಾಲ್ಕು ವರ್ಷದಲ್ಲಿ ಅವರು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಈ ಸಲ ಕ್ಯಾಲೆಂಡರನ್ನು ಗೋಡೆಯಿಂದ ತೆಗೆದು ಮೇಜಿನ ಮೇಲೆ ಹಾಸಿಕೊಂಡು, ವಾಜಿದ್‌ರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಬ್ಬವಿಲ್ಲದ, ಉಪವಾಸವಿಲ್ಲದ, ಶಾಲೆಗೆ ರಜೆಯಿಲ್ಲದ ತಿಂಗಳು ಆರಿಸಿದರು.

ಹೋಗಿ ಬೆಳಿಗ್ಗೆ ಅದೇ ಬೆಂಚಿನ ಮೇಲೆ ಕೂತರು. ಬೆಂಚು ತುಂಬಿತ್ತು. ಮುದುಕರು, ಕೂಸು ಎತ್ತಿಕೊಂಡವರು, ಮನೆಯಲ್ಲೇ ಇರುವವರು ಬಂದಿದ್ದರು. ಬಾರದಿದ್ದವರನ್ನು ಎಣಿಸುವುದು ಹೇಗೆ? ಸಂಜೆ ಬರುತ್ತಿದ್ದ ಹೆಂಗಸರು ಈಗ ಎಲ್ಲೂ ಬರುತ್ತಿರಲಿಲ್ಲ, ಹಾಗಾಗಿ ಅವರು ಯಾವ ಕಲಂನಲ್ಲೂ ಇರಲಿಲ್ಲ. ಹಳೆಯ ಖಾಲಿ ಬೆಂಚಿನ ಪಕ್ಕದಲ್ಲಿ ಈ ತುಂಬಿದ ಬೆಂಚನ್ನು ಇಟ್ಟು ನೋಡಿದರೆ ಆದೇಶ ಬಲು ಯಶಸ್ವಿ.

ಗುರುರಾಜರು ವಾಜಿದ್ ಜೊತೆ ಅವರ ಅಕ್ಕನ ಮನೆಗೆ ಹೋದರು. ಹೆಣ್ಣು ದಿಕ್ಕು ಇರಲಿ ಎಂದು ನನ್ನನ್ನೂ ಕರೆದುಕೊಂಡು ಹೋದರು. ಒಂದು ಕೋಣೆ, ಶುಭ್ರವಾಗಿತ್ತು. ನೂರ್‌ಜಹಾನ್ ತಲೆಯ ಮೇಲೆ ದುಪಟ್ಟಾ ಎಳೆದುಕೊಂಡು ಎಡಗೈಯಲ್ಲಿ ಚಹಾ ಕೊಟ್ಟರು. ಬಲಗೈಯ ಬೆರಳುಗಳು ಒಂದಕ್ಕೊಂದು ಕೂಡಿಕೊಂಡಿದ್ದವು. ಎಡಗೈಯಲ್ಲಿ ಕೊಟ್ಟಿದ್ದಕ್ಕೆ ಮಾಫ್ ಮಾಡಿ ಎಂದರು. ಗುರುರಾಜರು ಲೋಟ ಹಿಡಿದುಕೊಂಡು, ಆ ವರದಿ ಬರೆದದ್ದು ನಾನೇ ಅಂದರು. ವಾಜಿದ್ ಅದನ್ನು ದಖನಿಯಲ್ಲಿ ಹೇಳಿದರು. ಆಕೆ ಯೋಚಿಸಿ, "ಸಚ್ ಇಚ್ ಲಿಖೇ ನಾ ಸಾಬ್. ರೋಜೋಂ ಮೇ ಹಮೇ ಕಾಯ್ಕು ಆತೇ?" ಎಂದರು. ನಿಜವನ್ನೇ ಬರೆದಿದ್ದೀರಿ, ಉಪವಾಸದ ತಿಂಗಳಲ್ಲಿ ನಾವು ಯಾಕೆ ಬರುತ್ತೇವೆ ಎಂದು. ಬೈಯುತ್ತಾರೆ ಎಂದು ನಾನು ಕಾದಿದ್ದೆ. ಬೈದಿದ್ದರೆ ಗುರುರಾಜರಿಗೆ ಹಗುರವಾಗುತ್ತಿತ್ತು. ಆಕೆ ಇನ್ನೊಂದು ಲೋಟ ಚಹಾ ಹಾಕಲೇ ಎಂದು ಕೇಳಿದರು.

ಗುರುರಾಜರು ಅಂಥ ಇನ್ನೂ ಕೆಲವು ಹೆಂಗಸರನ್ನು ಹುಡುಕಿ ಕೇಳಿ ವರದಿಯಲ್ಲಿ ಒಂದು ಪ್ಯಾರಾ ಸೇರಿಸಿದರು. ಆ ಪ್ಯಾರಾವನ್ನು ನಾಲ್ಕು ವರ್ಷದ ಮೇಲೆ ಮತ್ತೆ ನನ್ನ ಮೇಜಿನ ಪಕ್ಕ ನಿಂತು ಹೇಳಿದರು. ಕೈ ಮಾತ್ರ ಹಿಂದೆ ಕಟ್ಟಿರಲಿಲ್ಲ, ಮೇಜಿನ ಅಂಚು ಹಿಡಿದಿದ್ದರು. ಹೊಸ ನಿರ್ದೇಶಕರು ಅದರ ಮೇಲೆ ಓರೆಗೆರೆ ಎಳೆದು ಬದಿಯಲ್ಲಿ 'ಮಾದರಿಯ ಹೊರಗಿನ ಮಾಹಿತಿ, ಕೈಬಿಡಿ' ಎಂದು ಬರೆದರು. ನಿಯಮದ ಪ್ರಕಾರ ಅವರು ಹೇಳಿದ್ದು ಸರಿಯಾಗಿಯೇ ಇತ್ತು. ವರದಿ ಹೋಯಿತು, ಮೆಚ್ಚುಗೆಯ ಪತ್ರ ಬಂತು. ಮರುವರ್ಷ ಹಲಸೂರು, ದೊಮ್ಮಲೂರು, ಕೃಷ್ಣರಾಜಪುರದ ಕಡೆಯ ಸಂಜೆ ದವಾಖಾನೆಗಳೂ ಮುಚ್ಚಿದವು. ನನಗೂ ಅಷ್ಟರಲ್ಲಿ ಏನೂ ಅನ್ನಿಸುವುದು ನಿಂತುಹೋಗಿತ್ತು. ಆ ಆದೇಶದ ಪ್ರತಿಗಳನ್ನು ಎಣಿಸಿ ಲಕೋಟೆಗೆ ತುಂಬಿ ಅಂಟು ಹಚ್ಚಿದೆ.

ಎರಡು ಸಾವಿರದ ಆರನೆಯ ಇಸವಿಯ ಸೆಪ್ಟೆಂಬರ್ ಕೊನೆಗೆ ಗುರುರಾಜರು ನಿವೃತ್ತರಾದರು. ಮಧ್ಯಾಹ್ನ ಬೀಳ್ಕೊಡುಗೆ. ಗಂಧದ ಹಾರ, ಶಾಲು, ಬಾದಾಮಿ ಹಲ್ವ, ಖಾರ, ಕಾಫಿ. ನಿರ್ದೇಶಕರು ಮಾತಾಡಿದರು. "ನಮ್ಮ ಸಂಶೋಧನೆ ಸರ್ಕಾರದ ನೀತಿ ಆಗೋದು ಅಂದ್ರೆ ಸುಮ್ನೆ ಅಲ್ಲ. ಅದನ್ನ ಮಾಡಿ ತೋರ್ಸಿದೋರು ಗುರುರಾಜ್." ಹಾಗೆಂದು ಕೆಂಪು ರಟ್ಟಿಗೆ ಬಂಗಾರದ ಅಕ್ಷರ ಹಾಕಿಸಿದ ಒಂದು ಪುಸ್ತಕ ಕೊಟ್ಟರು. ಆ ವರದಿ, ಅದರ ಜೊತೆಗೆ ಆ ಆದೇಶ, ಒಟ್ಟಿಗೆ ಬೈಂಡು ಮಾಡಿಸಿದ್ದು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಎರಡು ಮಾತು ಹೇಳಿ ಎಂದರೆ ಗುರುರಾಜರು ಎದ್ದು ನಿಂತು ಕೈ ಮುಗಿದು ಕೂತರು. ವಾಜಿದ್ ಹಲ್ವವನ್ನು ಕಾಗದದಲ್ಲಿ ಕಟ್ಟಿ ಜೇಬಿಗಿಟ್ಟುಕೊಂಡರು. ಆಗಲೂ ರಂಜಾನ್.

ಕಚೇರಿ ಬಿಟ್ಟ ಮೇಲೆ ನಾವು ಮೂವರೂ ಶಿವಾಜಿನಗರದ ಕಡೆ ನಡೆದೆವು. ನನಗೆ ಬಸ್ಸು, ವಾಜಿದ್‌ಗೆ ಮನೆ. ಗುರುರಾಜರಿಗೆ ಆ ದಿಕ್ಕಿನಲ್ಲಿ ಏನೂ ಕೆಲಸವಿರಲಿಲ್ಲ, ಆದರೂ ಬಂದರು. ಆ ಗಲ್ಲಿಯ ಬಾಯಿಗೆ ಬಂದಾಗ ಅವರು ಒಳಗೆ ತಿರುಗಿದರು. ನಾವು ಹಿಂದೆ ಹೋದೆವು. ದವಾಖಾನೆಗೆ ಬೀಗ ಹಾಕಿತ್ತು. ಜಗುಲಿಯ ಬೆಂಚು ಹಾಗೇ ಇತ್ತು. ಅವರು ತಮ್ಮ ಹಳೆಯ ತುದಿಯಲ್ಲಿ ಕೂತರು, ಶಾಲು ಹೆಗಲ ಮೇಲೆ, ಕೆಂಪು ಪುಸ್ತಕ ತೊಡೆಯ ಮೇಲೆ. ಸೈರನ್ ಆಯಿತು. ವಾಜಿದ್ ಜೇಬಿನಿಂದ ಖರ್ಜೂರ ತೆಗೆದು ಬಿಸ್ಮಿಲ್ಲಾ ಎಂದು ಬಾಯಿಗೆ ಹಾಕಿಕೊಂಡರು. ಒಂದನ್ನು ಗೆಳೆಯನ ಕೈಯಲ್ಲಿಟ್ಟರು.

ಗಲ್ಲಿ ಬರಿದಾಗಿತ್ತು. ಆಗ ಒಬ್ಬಳು ಹೆಂಗಸು ಬಂದಳು. ಬುರ್ಖಾದ ಮೇಲೆ ಗಾರ್ಮೆಂಟ್ಸಿನ ಗುರುತು ಚೀಟಿ ನೇತಾಡುತ್ತಿತ್ತು. ಕೈಯಲ್ಲಿ ಮಗು, ಜ್ವರದ ಮುಖ. ಬೀಗ ನೋಡಿದಳು, ಶಾಲು ಹೊದ್ದು ಪುಸ್ತಕ ಹಿಡಿದು ಕೂತ ಮನುಷ್ಯನನ್ನು ನೋಡಿದಳು.

"ಡಾಕ್ಟ್ರು ಬರ್ತಾರಾ ಸಾರ್?"

ಗುರುರಾಜರು ಅವಳ ಮುಖ ನೋಡಿದರು.

"ಸಂಜೆ ಇಲ್ಲಮ್ಮ" ಎಂದರು. "ಬೆಳಿಗ್ಗೆ ಬರ್ಬೇಕು."

"ಬೆಳಿಗ್ಗೆ ಡ್ಯೂಟಿ ಇರ್ತೈತಲ್ಲ ಸಾರ್."

"ಹೌದಮ್ಮ."

ಅವಳು ಇನ್ನೂ ಒಂದು ಗಳಿಗೆ ನಿಂತಿದ್ದು, ಮಗುವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಹೋದಳು. ವಾಜಿದ್ ಎದ್ದು ಅವಳ ಹಿಂದೆ ನಡೆದರು, ಆಸ್ಪತ್ರೆಗೆ ಆಟೋ ಮಾಡಿಕೊಡಲು. ಗುರುರಾಜರು ಮಾತ್ರ ಏಳಲಿಲ್ಲ. ಖರ್ಜೂರ ಅವರ ಅಂಗೈಯಲ್ಲೇ ಇತ್ತು. ನಾನು, ಬನ್ನಿ ಸಾರ್, ಹೋಗೋಣ ಎಂದೆ.

"ಎಂಟು ಗಂಟೆವರೆಗೂ ಇರ್ಬೇಕು ಗಂಗಮ್ಮ" ಎಂದರು. "ಒಬ್ಳು ಬಂದ್ಲು, ನೋಡಿದ್ರಲ್ಲ. ಇನ್ನೂ ಯಾರಾದ್ರೂ ಬರ್ಬಹುದು."